ಗುಡ್ಡ ಹತ್ತುವ ಬೀದಿ: ಪಿಟ್ಸ್‌ಬರ್ಗಿನ ಇನ್‌ಕ್ಲೈನ್‌ಗಳು

ಪಿಟ್ಸ್‌ಬರ್ಗ್ ಎಂದ ಕೂಡಲೇ ಅಮೆರಿಕದಲ್ಲಿರುವ ನಮ್ಮವರಿಗೆ ನೆನಪಾಗುವುದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ಊರಿನಿಂದ ಅಪ್ಪ ಅಮ್ಮ ಬಂದರೆ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡಾದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ದರ್ಶನವಾಗಿ, ಪ್ರಸಾದ ತಿಂದು, ಹೊರಡಲು ಇನ್ನೂ ಹೊತ್ತಿದೆ ಎನ್ನುವಾಗ ಯಾರಾದರೂ ಒಬ್ಬರು ಹೇಳುತ್ತಾರೆ: "ಗುಡ್ಡ ಹತ್ತೋ ಹಳೇ ಟ್ರೈನ್ ಒಂದಿದೆಯಂತೆ, ನೋಡ್ಕೊಂಡೇ ಹೋಗೋಣ." ಕಾರು ಮೌಂಟ್ ವಾಷಿಂಗ್‌ಟನ್ ಎಂಬ ಗುಡ್ಡದ ಕಡೆ ತಿರುಗುತ್ತದೆ. ಆ ರೈಲಿಗೆ ಅಲ್ಲಿ ಇನ್‌ಕ್ಲೈನ್ ಎನ್ನುತ್ತಾರೆ: ಕಡಿದಾದ ಇಳಿಜಾರಿನಲ್ಲಿ ಹಳಿ ಹಾಕಿ, ಬೋಗಿಯನ್ನು ಹಗ್ಗದಿಂದ ಎಳೆಯುವ ರೈಲು.

ಗುಡ್ಡದ ಅಂಚಿನಲ್ಲೇ ಹೋಗುವ ರಸ್ತೆ ಗ್ರ್ಯಾಂಡ್‌ವ್ಯೂ ಅವೆನ್ಯೂ. ಅಲ್ಲಿ ಕಾರು ನಿಲ್ಲಿಸಿ, ಒಂದು ಸಲ ಕೆಳಗಿಳಿದು, ಅದೇ ಬೋಗಿಯಲ್ಲಿ ಮೇಲೆ ಬಂದು, ನಾಲ್ಕು ಫೋಟೊ ತೆಗೆದು ಹೊರಟರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಗೆ ಹತ್ತಿಳಿದವರ ಮನಸ್ಸಿನಲ್ಲಿ ಅದು ಮೋಜಿನ ಸವಾರಿಯಾಗಿ ಉಳಿಯುತ್ತದೆ, ಅಷ್ಟೇ. ನಾನು ಆ ಊರಿನಲ್ಲಿ ಕೆಲವು ವರ್ಷ ಇದ್ದವನು. ಮನೆ ಗುಡ್ಡದ ಮೇಲೆ, ಕೆಲಸ ನದಿಯ ಆಚೆ. ಬೆಳಿಗ್ಗೆ ಇಳಿಯುವುದು, ಸಂಜೆ ಹತ್ತುವುದು. ನನ್ನ ಮಟ್ಟಿಗೆ ಅದು ನಮ್ಮ ಮನೆಗೆ ಹೋಗುವ ಬೀದಿ. ಗುಡ್ಡ ತೀರ ಕಡಿದಾಗಿದ್ದರಿಂದ ಆ ಬೀದಿಗೆ ಹಳಿ ಹಾಕಿದ್ದಾರೆ. ಅದನ್ನು ಬೀದಿ ಎಂದುಕೊಂಡವರು ಊರಿನಲ್ಲಿ ಇದ್ದುದರಿಂದಲೇ ಅದು ಇವತ್ತಿನವರೆಗೆ ಬದುಕಿದೆ. ಈ ಮಾತನ್ನು ನಿಮಗೆ ಮನವರಿಕೆ ಮಾಡಿಕೊಡಬೇಕೆಂದೇ ಇಲ್ಲಿ ನಿಮ್ಮ ಮುಂದೆ ಮಾತಾಡಲು ನಿಂತಿದ್ದೇನೆ.

ಮೊದಲು ಊರಿನ ನೆಲ ಹೇಗಿದೆ ಎಂದು ತಿಳಿದುಕೊಳ್ಳೋಣ. ಉತ್ತರದಿಂದ ಆಲಿಗೇನಿ ನದಿ ಬರುತ್ತದೆ, ದಕ್ಷಿಣದಿಂದ ಮೊನೊಂಗಹೀಲಾ. ಎರಡೂ ಕೂಡಿ ಒಹಾಯೊ ನದಿಯಾಗಿ ಪಶ್ಚಿಮಕ್ಕೆ ಹರಿಯುತ್ತವೆ. ಆ ಸಂಗಮದ ತುದಿಯ ಮೂರು ಮೂಲೆಯ ನೆಲವೇ ಊರಿನ ಹೃದಯಭಾಗ. ಅಲ್ಲಿನವರು ಅದನ್ನು 'ಪಾಯಿಂಟ್' ಎನ್ನುತ್ತಾರೆ. ಅಲ್ಲಿಂದ ಮೊನೊಂಗಹೀಲಾ ನದಿ ದಾಟಿದ ಕೂಡಲೇ, ನೀರಿನಂಚಿನಿಂದಲೇ ಎನ್ನುವಂತೆ, ಗುಡ್ಡ ಗೋಡೆಯಾಗಿ ಎದ್ದು ನಿಲ್ಲುತ್ತದೆ. ನಡುವೆ ಒಂದು ರಸ್ತೆಗೂ ರೈಲು ಹಳಿಗೂ ಸಾಲುವಷ್ಟು ಮಾತ್ರ ಜಾಗ. ರಸ್ತೆಯ ಹೆಸರು ಕಾರ್ಸನ್ ಸ್ಟ್ರೀಟ್. ಗುಡ್ಡದ ಎತ್ತರ ರಸ್ತೆಯಿಂದ ಸುಮಾರು 400 ಅಡಿ.

ಈ ಗುಡ್ಡದ ಹಳೆಯ ಹೆಸರು ಕೋಲ್ ಹಿಲ್, ಕಲ್ಲಿದ್ದಲ ಗುಡ್ಡ. ಪಿಟ್ಸ್‌ಬರ್ಗ್ ಪದರ ಎಂದೇ ಭೂವಿಜ್ಞಾನದಲ್ಲಿ ಹೆಸರಾದ ದಪ್ಪನೆಯ ಕಲ್ಲಿದ್ದಲ ಪದರ ಇದರ ಮೈಯಲ್ಲಿ ಹೊರಗೇ ಕಾಣುತ್ತಿತ್ತು. 1760ರ ದಶಕದಲ್ಲೇ, ಸಂಗಮದ ಬಳಿಯ ಕೋಟೆಯಲ್ಲಿದ್ದ ಬ್ರಿಟಿಷ್ ಸೈನಿಕರ ಕಾಲದಲ್ಲೇ, ಇಲ್ಲಿ ಕಲ್ಲಿದ್ದಲು ಅಗೆಯುತ್ತಿದ್ದರು. ಮೇಲೆ ಅಗೆದ ಕಲ್ಲಿದ್ದಲನ್ನು ಕೆಳಗೆ ನದಿದಂಡೆಯ ಗಾಜಿನ ಕಾರ್ಖಾನೆಗೋ ಕಬ್ಬಿಣದ ಕುಲುಮೆಗೋ ಇಳಿಸಬೇಕು. ಅದಕ್ಕೆ ಇಳಿಜಾರಿನಲ್ಲಿ ಹಳಿ ಹಾಕಿ, ಹಗ್ಗ ಕಟ್ಟಿ ಗಾಡಿ ಇಳಿಸುವ ಏರ್ಪಾಡು ಬಂತು. ಆ ಗುಡ್ಡದ ಮೇಲೆ ಹಗ್ಗದ ರೈಲು ಮೊದಲು ಹೊತ್ತದ್ದು ಕಲ್ಲಿದ್ದಲನ್ನು. ಮನುಷ್ಯರ ಸರದಿ ಬಂದದ್ದು ಆಮೇಲೆ.

ಮನುಷ್ಯರಿಗೆ ಅದು ಬೇಕಾದ ಕಾರಣ ಸರಳ. ನದಿದಂಡೆಯ ಸಪಾಟು ನೆಲವನ್ನೆಲ್ಲ ಕಾರ್ಖಾನೆಗಳೂ ರೈಲುದಾರಿಗಳೂ ನುಂಗಿಹಾಕಿದವು. ಕಾರ್ಖಾನೆಗೆ ಕೂಲಿಯವರು ಸಾವಿರಾರು ಮಂದಿ ಬಂದರು. ಅವರಿಗೆ ಮನೆ ಕಟ್ಟಿಕೊಳ್ಳಲು ಉಳಿದ ಜಾಗ ಗುಡ್ಡದ ನೆತ್ತಿ. ದಿನವಿಡೀ ಕುಲುಮೆಯ ಮುಂದೆ ನಿಂತು ಬೆಂದ ಮನುಷ್ಯ ಸಂಜೆ 400 ಅಡಿ ಕಡಿದಾದ ಗುಡ್ಡವನ್ನು ಕಾಲುದಾರಿಯಲ್ಲಿ ಹತ್ತಬೇಕು. ಚಳಿಗಾಲದಲ್ಲಿ ಆ ದಾರಿ ಮಂಜುಗಡ್ಡೆಯಾಗಿರುತ್ತದೆ. ಪಿಟ್ಸ್‌ಬರ್ಗಿನಲ್ಲಿ ಈಗಲೂ ಏಳುನೂರಕ್ಕೂ ಹೆಚ್ಚು ಸಾರ್ವಜನಿಕ ಮೆಟ್ಟಿಲ ಸಾಲುಗಳಿವೆ. ಅವುಗಳಲ್ಲಿ ಎಷ್ಟೋ ಸಾಲುಗಳನ್ನು ನಗರದ ನಕ್ಷೆಯಲ್ಲಿ ಬೀದಿಯೆಂದೇ ಗುರುತಿಸಿದ್ದಾರೆ. ನಕ್ಷೆ ನೋಡಿಕೊಂಡು ಕಾರು ತಂದವರಿಗೆ ಬೀದಿಯ ಬದಲು ಮೆಟ್ಟಿಲು ಎದುರಾಗುವುದುಂಟು. ಆ ಊರಿನಲ್ಲಿ ಬೀದಿ ಎಂದರೆ ಏನು ಎಂಬ ಕಲ್ಪನೆಯೇ ನಮ್ಮದಕ್ಕಿಂತ ಅಗಲವಾದದ್ದು.

ಗುಡ್ಡದ ಮೇಲೆ ನೆಲೆಸಿದವರಲ್ಲಿ ಜರ್ಮನ್ನರು ಬಹಳ ಮಂದಿ. ತಮ್ಮ ನಾಡಿನಲ್ಲಿ ಹಗ್ಗದ ರೈಲನ್ನು ಕಂಡಿದ್ದ ಅವರೇ, ಇಲ್ಲಿಯೂ ಅಂಥದ್ದು ಬೇಕು ಎಂದು ಮೊದಲು ಮಾತೆತ್ತಿದರು ಎನ್ನುತ್ತಾರೆ. 1870ರ ಮೇ 28ರಂದು ಮೊನೊಂಗಹೀಲಾ ಇನ್‌ಕ್ಲೈನ್ ಶುರುವಾಯಿತು. ಉದ್ದ 635 ಅಡಿ, ಅಂದರೆ ಸುಮಾರು 194 ಮೀಟರ್. ಏರು 35 ಡಿಗ್ರಿ. ಅಮೆರಿಕದಲ್ಲಿ ಇಂದಿಗೂ ಓಡುತ್ತಿರುವ ಇಂಥ ರೈಲುಗಳಲ್ಲಿ ಇದೇ ಅತ್ಯಂತ ಹಳೆಯದು.

ಇದು ಊಟಿಯ ರೈಲಿನಂತಲ್ಲ. ಊಟಿ ರೈಲಿನಲ್ಲಿ ಎಂಜಿನ್ ಜೊತೆಗೇ ಹತ್ತುತ್ತದೆ. ಹಳಿಗಳ ನಡುವೆ ಹಲ್ಲುಪಟ್ಟಿ ಇರುತ್ತದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. ಇನ್‌ಕ್ಲೈನಿನಲ್ಲಿ ಬೋಗಿಗೆ ಎಂಜಿನ್ನೇ ಇಲ್ಲ, ಚಾಲಕನೂ ಇಲ್ಲ. ಪಳನಿಯಲ್ಲಿ ವಿಂಚ್ ಹತ್ತಿದವರಿಗೆ ಇದು ಗೊತ್ತಿರುತ್ತದೆ. ಬಾವಿಯ ರಾಟೆಯ ಮೇಲೆ ಒಂದೇ ಹಗ್ಗ ಹಾಕಿ, ಎರಡು ತುದಿಗೂ ಒಂದೊಂದು ಕೊಡ ಕಟ್ಟಿದ್ದನ್ನು ನೆನೆಸಿಕೊಳ್ಳಿ. ಒಂದು ಇಳಿದರೆ ಇನ್ನೊಂದು ಏರಲೇಬೇಕು. ಇಲ್ಲಿಯೂ ಅಷ್ಟೇ: ಅಕ್ಕಪಕ್ಕ ಎರಡು ಜೋಡಿ ಹಳಿ, ಎರಡು ಬೋಗಿ. ಮೇಲಿನ ನಿಲ್ದಾಣದ ಕೆಳಗೆ ದೊಡ್ಡ ಉರುಳೆ, ಉಕ್ಕಿನ ಹಗ್ಗ. ಒಂದು ಬೋಗಿ ಮೇಲಿದ್ದಾಗ ಇನ್ನೊಂದು ಕೆಳಗೆ. ನಡುದಾರಿಯಲ್ಲಿ ಎರಡೂ ಒಂದರ ಪಕ್ಕ ಒಂದು ಹಾದುಹೋಗುತ್ತವೆ.

ಇದರ ಚೆಲುವು ಲೆಕ್ಕದಲ್ಲಿದೆ. ಎರಡು ಬೋಗಿಗಳ ತೂಕ ಒಂದಕ್ಕೊಂದು ಸರಿಹೋಗುತ್ತದೆ. ಮೋಟಾರು ಎಳೆಯಬೇಕಾದ್ದು ಎರಡೂ ಬೋಗಿಗಳ ಜನರ ತೂಕದ ವ್ಯತ್ಯಾಸ ಮತ್ತು ಉಜ್ಜಾಟ, ಅಷ್ಟು ಮಾತ್ರ. ಬೆಳಿಗ್ಗೆ ಎಲ್ಲರೂ ಇಳಿಯುವ ಹೊತ್ತಿನಲ್ಲಿ ಇಳಿಯುವ ಬೋಗಿಯೇ ಖಾಲಿ ಬೋಗಿಯನ್ನು ಎಳೆದುಕೊಳ್ಳುತ್ತದೆ, ಮೋಟಾರಿನ ಕಡೆಯವರು ವೇಗ ಮೀರದಂತೆ ಹಿಡಿದುಕೊಂಡರೆ ಸಾಕು. ಸಂಜೆ ಅದು ತಿರುವುಮುರುವು. ಇನ್ನೊಂದು ಸೂಕ್ಷ್ಮ ಇದೆ, ಹಗ್ಗದ್ದೇ ತೂಕ. ಬೋಗಿ ತೀರ ಕೆಳಗಿದ್ದಾಗ ಅದರ ಹಗ್ಗ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಮೇಲೆಳೆಯುವಾಗ ಬೋಗಿಯ ಜೊತೆಗೆ ಅಷ್ಟುದ್ದದ ಉಕ್ಕನ್ನೂ ಎಳೆಯಬೇಕು. ನಡುದಾರಿಗೆ ಬರುವಾಗ ಎರಡು ಕಡೆಯ ಹಗ್ಗವೂ ಸಮ, ದಾಟಿದ ಮೇಲೆ ಆಚೆಯ ಹಗ್ಗವೇ ನೆರವಿಗೆ ಬರುತ್ತದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವ ಮಕ್ಕಳು ಇಲ್ಲಿ ಕುಳಿತಿದ್ದರೆ, ಒಂದು ಹಾಳೆಯಲ್ಲಿ ಈ ಲೆಕ್ಕ ಹಾಕಿ ನೋಡಿ. ಪಠ್ಯದ ಮೂರು ಅಧ್ಯಾಯ ಒಂದೇ ಉದಾಹರಣೆಯಲ್ಲಿ ಸಿಗುತ್ತವೆ.

ಹಗ್ಗದ ವಿಷಯ ಬಂದದ್ದರಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1834ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಲಿಗೇನಿ ಪೋರ್ಟೇಜ್ ರೈಲುದಾರಿ ಶುರುವಾಯಿತು. ಬೆಟ್ಟದ ಸಾಲಿನ ಆಚೆಗೊಂದು ಕಾಲುವೆ, ಈಚೆಗೊಂದು ಕಾಲುವೆ. ನಡುವಿನ ಬೆಟ್ಟವನ್ನು ದೋಣಿಯ ಸರಕು ದಾಟಬೇಕು. ಅದಕ್ಕೆ ಹತ್ತು ಇಳಿಜಾರುಗಳನ್ನು ಕಟ್ಟಿ, ಸೆಣಬಿನಂಥ ನಾರಿನ ದಪ್ಪ ಹಗ್ಗದಿಂದ ಗಾಡಿಗಳನ್ನು ಎಳೆಯುತ್ತಿದ್ದರು. ಆ ಹಗ್ಗ ಸವೆದು ಕಿತ್ತುಬರುತ್ತಿತ್ತು. ಪಿಟ್ಸ್‌ಬರ್ಗಿನ ಹತ್ತಿರ ಸ್ಯಾಕ್ಸನ್‌ಬರ್ಗ್ ಎಂಬ ಹಳ್ಳಿಯನ್ನು ಕಟ್ಟಿಕೊಂಡಿದ್ದ ಜರ್ಮನ್ ವಲಸಿಗ ಜಾನ್ ರೋಬ್ಲಿಂಗ್ ಇದನ್ನು ನೋಡಿ, ಕಬ್ಬಿಣದ ತಂತಿಗಳನ್ನೇ ಹೊಸೆದು ಹಗ್ಗ ಮಾಡಿದರೆ ಹೇಗೆ ಎಂದು ಯೋಚಿಸಿದರು. 1840ರ ದಶಕದ ಆರಂಭದಲ್ಲಿ, ಆ ಹಳ್ಳಿಯ ಹುಲ್ಲುಗಾವಲಿನಲ್ಲಿ ತಂತಿ ಹಾಸಿ, ನೆರೆಹೊರೆಯವರನ್ನು ಕರೆದು ಕೈಯಿಂದಲೇ ಹೊಸೆಸಿದರು. ಮುಂದೆ ಬ್ರೂಕ್ಲಿನ್ ಸೇತುವೆಯನ್ನು ರೂಪಿಸಿದ ರೋಬ್ಲಿಂಗ್ ಇವರೇ. ಉಕ್ಕಿನ ಹಗ್ಗವನ್ನು ನಂಬಿ ಜನರನ್ನು ಕಡಿದಾದ ಗುಡ್ಡ ಹತ್ತಿಸಬಹುದು ಎಂಬ ಧೈರ್ಯ ಆ ಸೀಮೆಗೆ ಬಂದದ್ದು ಆ ಹುಲ್ಲುಗಾವಲಿನಿಂದ.

ಮೊನೊಂಗಹೀಲಾ ಇನ್‌ಕ್ಲೈನನ್ನು ರೂಪಿಸಿದವರು ಜಾನ್ ಎಂಡ್ರೆಸ್, ಪ್ರಷ್ಯಾದಿಂದ ಬಂದ ಎಂಜಿನಿಯರ್. ಅವರ ಮಗಳು ಕ್ಯಾರೊಲಿನ್ ಕೂಡ ಆ ಕೆಲಸದಲ್ಲಿ ತಂದೆಯ ಜೊತೆಗಿದ್ದರು. 1870ಕ್ಕೆ ಮೊದಲೇ ಒಬ್ಬ ಯುವತಿ ಎಂಜಿನಿಯರಿಂಗ್ ಕೆಲಸದ ಜಾಗದಲ್ಲಿ ನಿಂತು ದುಡಿಯುವುದೆಂದರೆ ಏನು ಎಂದು ಯೋಚಿಸಿ. ಅಮೆರಿಕದ ಮೊದಲ ಮಹಿಳಾ ಎಂಜಿನಿಯರುಗಳ ಸಾಲಿನಲ್ಲಿ ಅವರ ಹೆಸರು ಬರಬೇಕು. ಆದರೆ ಇನ್‌ಕ್ಲೈನ್ ಹತ್ತಿಳಿಯುವವರಲ್ಲಿ ಆ ಹೆಸರು ಕೇಳಿದವರು ಬಹಳ ಕಡಿಮೆ, ಅದು ನನಗೆ ಬೇಸರ ತರುತ್ತದೆ. ಕ್ಯಾರೊಲಿನ್ ಮದುವೆಯಾದದ್ದು ಸ್ಯಾಮ್ಯುಯೆಲ್ ಡೀಷರ್ ಎಂಬ ಎಂಜಿನಿಯರನ್ನು. ಬುಡಾಪೆಸ್ಟಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಇವತ್ತು ಉಳಿದಿರುವ ಎರಡನೆಯ ಇನ್‌ಕ್ಲೈನ್, 1877ರ ಮೇ ತಿಂಗಳಲ್ಲಿ ಶುರುವಾದ ಡ್ಯುಕೇನ್ ಇನ್‌ಕ್ಲೈನ್, ಈ ಡೀಷರ್ ಅವರದು. ಅದರ ಉದ್ದ ಸುಮಾರು 800 ಅಡಿ, ಎತ್ತರ 400 ಅಡಿ, ಏರು ಮೊದಲನೆಯದಕ್ಕಿಂತ ಸ್ವಲ್ಪ ಕಡಿಮೆ, 30.5 ಡಿಗ್ರಿ. ಮಾವನದೊಂದು, ಅಳಿಯನದೊಂದು, ನಡುವೆ ಒಂದು ಮೈಲಿಗೆ ಹತ್ತಿರದ ದಾರಿ. ಎರಡಕ್ಕೂ ಕೊಂಡಿಯಾಗಿ ಕ್ಯಾರೊಲಿನ್.

ಇದೇ ಡೀಷರ್ ಕಟ್ಟಿದ ಇನ್ನೊಂದು ಇನ್‌ಕ್ಲೈನ್ ಪಿಟ್ಸ್‌ಬರ್ಗಿನ ಪೂರ್ವಕ್ಕೆ ಜಾನ್ಸ್‌ಟೌನಿನಲ್ಲಿದೆ. 1889ರ ಮೇ 31ರಂದು ಅಣೆಕಟ್ಟೊಂದು ಒಡೆದು ಆ ಊರೇ ಕೊಚ್ಚಿಹೋಯಿತು. ಸತ್ತವರು ಎರಡು ಸಾವಿರಕ್ಕೂ ಹೆಚ್ಚು. ಆಮೇಲೆ ಜನ ಗುಡ್ಡದ ಮೇಲೆ ಮನೆ ಮಾಡಿಕೊಳ್ಳತೊಡಗಿದಾಗ, ಅಲ್ಲಿಗೆ 1891ರಲ್ಲಿ ಇನ್‌ಕ್ಲೈನ್ ಬಂತು. 1936ರಲ್ಲಿ ಮತ್ತೆ ಪ್ರವಾಹ ಬಂದಾಗ ಸಾವಿರಾರು ಮಂದಿ ಅದೇ ಬೋಗಿಗಳಲ್ಲಿ ಮೇಲೇರಿ ಜೀವ ಉಳಿಸಿಕೊಂಡರು. ಗುಡ್ಡದ ರೈಲನ್ನು ವಿಹಾರದ ವಸ್ತು ಎಂದು ಯಾರಾದರೂ ಹೇಳಿದಾಗ ನನಗೆ ಜಾನ್ಸ್‌ಟೌನ್ ನೆನಪಾಗುತ್ತದೆ.

ಪಿಟ್ಸ್‌ಬರ್ಗಿನಲ್ಲಿ ಒಂದು ಕಾಲಕ್ಕೆ ಇಂಥವು ಹದಿನೇಳರಷ್ಟಿದ್ದವು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ನಾಕ್ಸ್‌ವಿಲ್ ಇನ್‌ಕ್ಲೈನ್ ಎಂಬುದಕ್ಕೆ ದಾರಿಯಲ್ಲಿ ತಿರುವೇ ಇತ್ತು. ಹಗ್ಗದಿಂದ ಎಳೆಯುವ ಬೋಗಿಯನ್ನು ತಿರುವಿನಲ್ಲಿ ಹಾಯಿಸುವುದು ಸುಲಭದ ಮಾತಲ್ಲ, ಹಗ್ಗ ಒಳಗಡೆಗೆ ಜಗ್ಗುತ್ತದೆ. ಮೊನೊಂಗಹೀಲಾ ಇನ್‌ಕ್ಲೈನಿನ ಪಕ್ಕದಲ್ಲೇ ಕುದುರೆಗಾಡಿಗಳನ್ನೂ ಸರಕನ್ನೂ ಹೊರುವ ಇನ್ನೊಂದು ಇತ್ತು, ಅದು 1935ರಲ್ಲಿ ನಿಂತಿತು. ಮೌಂಟ್ ಆಲಿವರ್ 1951ರಲ್ಲಿ, ಪೆನ್ ಇನ್‌ಕ್ಲೈನ್ 1953ರಲ್ಲಿ, ನಾಕ್ಸ್‌ವಿಲ್ 1960ರಲ್ಲಿ, ಕ್ಯಾಸಲ್ ಶ್ಯಾನನ್ 1964ರಲ್ಲಿ ನಿಂತವು.

ಏಕೆ ನಿಂತವು ಎಂದರೆ, ಗುಡ್ಡವನ್ನು ಹತ್ತುವ ಬದಲು ಕೊರೆಯುವುದನ್ನು ಊರು ಕಲಿಯಿತು. 1904ರಲ್ಲಿ ಟ್ರಾಮ್‌ಗಳಿಗೆ ಸುರಂಗ. 1924ರಲ್ಲಿ ಕಾರುಗಳಿಗೆ ಲಿಬರ್ಟಿ ಸುರಂಗ. ಬಳಿಕ ಗುಡ್ಡದ ಮೈಯನ್ನು ಓರೆಯಾಗಿ ಹತ್ತುವ ರಸ್ತೆಯೊಂದು. 1960ರಲ್ಲಿ ಫೋರ್ಟ್ ಪಿಟ್ ಸುರಂಗ. ಗುಡ್ಡದ ಆಚೆಗೆ ಬಡಾವಣೆಗಳು ಬೆಳೆದವು, ಮನೆಮನೆಗೆ ಕಾರು ಬಂತು. ಇನ್‌ಕ್ಲೈನಿನಲ್ಲಿ ಓಡಾಡುವವರು ಕರಗಿದರು. 1962ರಲ್ಲಿ ಡ್ಯುಕೇನ್ ಇನ್‌ಕ್ಲೈನಿಗೆ ದೊಡ್ಡ ರಿಪೇರಿ ಬಂತು. ಆದಾಯವಿಲ್ಲದ ಸಾಲಿಗೆ ಅಷ್ಟು ಹಣ ಯಾರು ಹಾಕುತ್ತಾರೆ? ನಿಲ್ಲಿಸಿಬಿಟ್ಟರು.

ಇಲ್ಲಿಂದ ಮುಂದಿನದು ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ. ಡ್ಯುಕೇನ್ ಹೈಟ್ಸ್ ಎಂಬುದು ಆ ಮೇಲಿನ ನಿಲ್ದಾಣದ ಸುತ್ತಲಿನ ಕೇರಿ. ದುಡಿದು ತಿನ್ನುವವರ ಮನೆಗಳು. ಅಲ್ಲಿನವರು ಒಟ್ಟುಗೂಡಿ ಮನೆಮನೆಗೆ ಹೋಗಿ ಹಣ ಕೂಡಿಸಿದರು. ಆರು ತಿಂಗಳ ಸುಮಾರಿಗೆ 15,000 ಡಾಲರ್ ಆಯಿತು. ರಿಪೇರಿ ಮಾಡಿಸಿ, 1963ರ ಜುಲೈ 1ರಂದು ಮತ್ತೆ ಓಡಿಸಿದರು. ಊರಿನ ಸಾರಿಗೆ ಸಂಸ್ಥೆ ಅದರ ಒಡೆತನ ವಹಿಸಿಕೊಂಡದ್ದು ಆಮೇಲೆ. ನಡೆಸುವ ಹೊಣೆ ಇವತ್ತಿಗೂ ಆ ಕೇರಿಯವರು ಕಟ್ಟಿದ ಸಂಘದ್ದೇ. ಮೊನೊಂಗಹೀಲಾ ಇನ್‌ಕ್ಲೈನನ್ನು ಮಾತ್ರ ಸಾರಿಗೆ ಸಂಸ್ಥೆಯೇ ನೇರವಾಗಿ ಓಡಿಸುತ್ತದೆ. ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಇವು ಸೇರಿದ್ದು 1970ರ ದಶಕದಲ್ಲಿ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸೊಸೈಟಿ ಎರಡನ್ನೂ ಐತಿಹಾಸಿಕ ಹೆಗ್ಗುರುತು ಎಂದು ಗೌರವಿಸಿದ್ದು 1977ರಲ್ಲಿ. ವರ್ಷಗಳನ್ನು ಜೋಡಿಸಿ ನೋಡಿ: ಪರಂಪರೆ ಎಂದು ದೊಡ್ಡವರು ಹೇಳುವುದಕ್ಕೆ ಹತ್ತು ವರ್ಷ ಮುಂಚೆಯೇ ಕೇರಿಯವರು ಅದನ್ನು ಉಳಿಸಿಯಾಗಿತ್ತು. ಅವರು ಸ್ಮಾರಕ ಉಳಿಸಲು ಹೊರಟವರಲ್ಲ. ತಾವು ಕೆಲಸಕ್ಕೆ ಹೋಗುವ ದಾರಿ ಮುಚ್ಚಿದ್ದನ್ನು ತೆರೆಸಲು ಹೊರಟವರು.

ಹಾಗಾಗಿ ನೀವು ಹೋದಾಗ ಕೆಳಗಿನಿಂದ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ. ಕಾರನ್ನು ಪೇಟೆಯ ಕಡೆಯೇ ಬಿಡಿ. ಸ್ಮಿತ್‌ಫೀಲ್ಡ್ ಸ್ಟ್ರೀಟ್ ಸೇತುವೆಯ ಮೇಲೆ ನಡೆದು ನದಿ ದಾಟಿ. 1883ರಲ್ಲಿ ಗುಸ್ಟಾವ್ ಲಿಂಡೆನ್‌ತಾಲ್ ಕಟ್ಟಿದ ಸೇತುವೆ ಅದು. ಅದಕ್ಕೂ ಮೊದಲು ಅದೇ ಜಾಗದಲ್ಲಿ ರೋಬ್ಲಿಂಗ್ ಅವರ ತೂಗುಸೇತುವೆ ಇತ್ತು. ಸೇತುವೆಯ ನಡುವೆ ನಿಂತು ಎದುರು ನೋಡಿದರೆ ಹಸಿರು ಗುಡ್ಡದ ಮೈಮೇಲೆ ಹಳಿಗಳು ನೆಟ್ಟಗೆ ಗೆರೆ ಎಳೆದಂತೆ ಕಾಣುತ್ತವೆ, ಅದರ ಮೇಲೆ ಎರಡು ಪುಟ್ಟ ಬೋಗಿಗಳು ಎದುರುಬದುರಾಗಿ ಸರಿಯುತ್ತಿರುತ್ತವೆ. ಒಂದು ಕಾಲದ ಕಾರ್ಖಾನೆ ಕೆಲಸಗಾರ ಕಂಡದ್ದು ಇದೇ ನೋಟ, ಹೊಗೆಯನ್ನು ಬಿಟ್ಟರೆ. 1940ರ ದಶಕದಲ್ಲಿ ಈ ಊರಿನಲ್ಲಿ ಹಾಡಹಗಲಲ್ಲೇ ಬೀದಿದೀಪ ಹಚ್ಚಬೇಕಾದ ದಿನಗಳಿದ್ದವು. ಆ ಕಾಲದ ಛಾಯಾಚಿತ್ರಗಳು ಈಗಲೂ ಇವೆ, ಮಧ್ಯಾಹ್ನದ ಚಿತ್ರ ಎಂದು ಹೇಳಿದರೂ ನಂಬಲು ಕಷ್ಟ.

ಸೇತುವೆ ಇಳಿದು ಕಾರ್ಸನ್ ಸ್ಟ್ರೀಟ್ ದಾಟಿದರೆ ಮೊನೊಂಗಹೀಲಾ ಇನ್‌ಕ್ಲೈನಿನ ಕೆಳಗಿನ ನಿಲ್ದಾಣ. ಊರಿನ ಬಸ್ಸಿಗೆ ಬಳಸುವ ಕಾರ್ಡೇ ಇಲ್ಲಿಯೂ ನಡೆಯುತ್ತದೆ. ಈ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಸ್ಸಿನಿಂದ ಇಳಿದವರು, ಲಘು ರೈಲಿನಿಂದ ಇಳಿದವರು ಅದೇ ಕಾರ್ಡಿನಲ್ಲಿ ಗುಡ್ಡ ಹತ್ತುತ್ತಾರೆ. ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಬೋಗಿ ಓಡುತ್ತದೆ. ಚಳಿಗಾಲದ ಬೆಳಿಗ್ಗೆ ಗುಡ್ಡದ ರಸ್ತೆಗಳಲ್ಲಿ ಹಿಮ ಕಟ್ಟಿ, ಬಸ್ಸು ಎಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಗೊತ್ತಾಗದ ದಿನಗಳಲ್ಲಿ ನಾವೆಲ್ಲ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದದ್ದು ಇದರಿಂದಲೇ.

ಮೊನೊಂಗಹೀಲಾ ಬೋಗಿಯ ಆಕಾರವೇ ಬೇರೆ. ಏರು 35 ಡಿಗ್ರಿ ಇರುವುದರಿಂದ ಬೋಗಿಯನ್ನು ಮೂರು ಹಂತವಾಗಿ ಕಟ್ಟಿದ್ದಾರೆ. ಮೂರು ಪುಟ್ಟ ಕೋಣೆಗಳು, ಒಂದಕ್ಕಿಂತ ಒಂದು ಮೇಲೆ, ಮೂರರ ನೆಲವೂ ಸಪಾಟು. ಒಳಗೆ ಕುಳಿತವರಿಗೆ ಓರೆಯ ಅರಿವೇ ಆಗುವುದಿಲ್ಲ, ಕಿಟಕಿಯ ಹೊರಗಿನ ಲೋಕ ಮಾತ್ರ ವಾಲಿಕೊಂಡಂತೆ ಕಾಣುತ್ತದೆ. ನಗರದ ಕಡೆಗೆ ಮುಖಮಾಡಿ, ಆದಷ್ಟು ಕೆಳಗಿನ ಕೋಣೆಯಲ್ಲಿ ಕೂರಿ. ಬಾಗಿಲು ಮುಚ್ಚಿದ ಮೇಲೆ ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಸಣ್ಣದೊಂದು ಜಗ್ಗು, ಹಗ್ಗ ಬಿಗಿಯಾದದ್ದು ಬೆನ್ನಿಗೆ ತಿಳಿಯುತ್ತದೆ. ಎಂಜಿನ್ನಿನ ಸದ್ದಿಲ್ಲ. ಹಳಿಯ ನಡುವಿನ ರಾಟೆಗಳ ಮೇಲೆ ಹಗ್ಗ ಓಡುವ ಸದ್ದು, ಮರದ ಬೆಂಚಿನ ಕಿರುಗುಟ್ಟು. ಕಾರ್ಸನ್ ಸ್ಟ್ರೀಟಿನ ಕಾರುಗಳು ಕೆಳಗಾಗುತ್ತವೆ, ಆಮೇಲೆ ಸೇತುವೆಯ ಕಮಾನುಗಳು ಕಣ್ಣಿನ ಮಟ್ಟಕ್ಕೆ ಬಂದು ಅವೂ ಕೆಳಗಾಗುತ್ತವೆ. ನಡುವೆ ಎದುರಿನ ಬೋಗಿ ಸರ್ರನೆ ಪಕ್ಕದಲ್ಲಿ ಇಳಿದುಹೋಗುತ್ತದೆ. ಸಂಜೆಯ ಹೊತ್ತಾದರೆ ಅದರಲ್ಲಿ ಯಾರೂ ಇರುವುದಿಲ್ಲ, ಕೆಳಗೆ ಕಾದು ನಿಂತವರನ್ನು ಕರೆತರಲು ಹೋಗುತ್ತಿರುತ್ತದೆ. ಪಯಣ ಎರಡು ಮೂರು ನಿಮಿಷ.

ಮೇಲಿಳಿದ ಮೇಲೆ ತಕ್ಷಣ ಹಿಂದಿರುಗಬೇಡಿ. ಗ್ರ್ಯಾಂಡ್‌ವ್ಯೂ ಅವೆನ್ಯೂ ಮೇಲೆ ಪಶ್ಚಿಮದ ಕಡೆ ನಿಧಾನವಾಗಿ ನಡೆಯಿರಿ. ಗುಡ್ಡದಂಚಿಗೆ ಚಾಚಿದ ವೀಕ್ಷಣಾ ಕಟ್ಟೆಗಳಿವೆ. ಮುಂದೆ ಹೋದರೆ ಜಾರ್ಜ್ ವಾಷಿಂಗ್‌ಟನ್ ಮತ್ತು ಸೆನೆಕಾ ಜನಾಂಗದ ನಾಯಕ ಗುಯಸೂಟಾ ಎದುರುಬದುರು ಕುಳಿತ ಕಂಚಿನ ಶಿಲ್ಪ ಸಿಗುತ್ತದೆ. ನೆಲ ಯಾರದು ಎಂಬ ಮಾತುಕತೆಯನ್ನು ಇಬ್ಬರ ಮುಖದಲ್ಲೂ ಓದಬಹುದು. ಕೋಟೆಗಳೂ ಕಾರ್ಖಾನೆಗಳೂ ಬರುವ ಮುಂಚೆ ಈ ಸಂಗಮ ಗುಯಸೂಟಾ ಅವರ ಜನದ್ದು. ಅದನ್ನು ನೆನಪಿಸುವ ವಸ್ತು ಆ ಊರಿನಲ್ಲಿ ಹೆಚ್ಚಿಲ್ಲ, ಹಾಗಾಗಿ ಅಲ್ಲಿ ಐದು ನಿಮಿಷ ನಿಂತುಕೊಳ್ಳಿ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಡ್ಯುಕೇನ್ ಇನ್‌ಕ್ಲೈನಿನ ಮೇಲಿನ ನಿಲ್ದಾಣ. ಅದರ ಕೆಂಪು ಬೋಗಿಗಳು ಹಳೆಯವು. ಒಳಗೆ ಚೆರ್ರಿ ಮರದ ಹಲಗೆ, ಅಂಚಿಗೆ ಚುಕ್ಕೆ ಚುಕ್ಕೆಯ ಮೇಪಲ್ ಮರದ ಪಟ್ಟಿ, ಕಿಟಕಿಗಳ ಮೇಲ್ಗಡೆ ಜೇನುಬಣ್ಣದ ಗಾಜು. ಕೂಲಿಕೆಲಸದವರು ದಿನವೂ ಓಡಾಡುವ ಬೋಗಿಗೆ ಇಷ್ಟು ಒಳ್ಳೆಯ ಮರಗೆಲಸ ಮಾಡಿಸಿದ್ದಾರಲ್ಲ ಎಂದು ನಾನು ಪ್ರತಿ ಸಲವೂ ಹಲಗೆಯ ಮೇಲೆ ಕೈಯಾಡಿಸುತ್ತಿದ್ದೆ. ನಿಲ್ದಾಣದಲ್ಲಿ ಹಳೆಯ ಫೋಟೊಗಳ ಸಂಗ್ರಹವಿದೆ. ಪುಟ್ಟದೊಂದು ಶುಲ್ಕ ಕೊಟ್ಟರೆ ಕೆಳಗಿಳಿದು ಯಂತ್ರವನ್ನು ನೋಡಲು ಬಿಡುತ್ತಾರೆ. ಖಂಡಿತ ನೋಡಿ.

ಅಲ್ಲಿ ದೊಡ್ಡ ಹಲ್ಲುಚಕ್ರ ತಿರುಗುತ್ತಿರುತ್ತದೆ. ಚಕ್ರ ಕಬ್ಬಿಣದ್ದು, ಹಲ್ಲುಗಳು ಮರದವು. ಗಟ್ಟಿ ಮೇಪಲ್ ಮರದ ತುಂಡುಗಳನ್ನು ಒಂದೊಂದಾಗಿ ಕಬ್ಬಿಣದ ಚಕ್ರಕ್ಕೆ ಕೂರಿಸಿದ್ದಾರೆ. ಹಬೆಯಂತ್ರದ ಜಾಗಕ್ಕೆ 1930ರ ದಶಕದಲ್ಲಿ ವಿದ್ಯುತ್ ಮೋಟಾರು ಬಂದರೂ ಈ ಚಕ್ರ ಹಾಗೇ ಉಳಿಯಿತು. ಮರದ ಹಲ್ಲು ಏಕೆ ಎಂದು ಕೇಳಿದರೆ ಉತ್ತರ ಬಲು ವಿವೇಕದ್ದು. ಕಬ್ಬಿಣಕ್ಕೆ ಕಬ್ಬಿಣ ಕಚ್ಚಿದರೆ ಕಿವಿಗಡಚಿಕ್ಕುವ ಸದ್ದು. ಹಠಾತ್ತನೆ ಹೊಡೆತ ಬಿದ್ದರೆ ಕಬ್ಬಿಣದ ಹಲ್ಲು ಮುರಿದು ಇಡೀ ಚಕ್ರವೇ ಹಾಳಾದೀತು. ಮರದ ಹಲ್ಲು ಹೊಡೆತವನ್ನು ನುಂಗಿಕೊಳ್ಳುತ್ತದೆ, ಸವೆದರೆ ಅದೊಂದನ್ನೇ ಕಿತ್ತು ಹೊಸದು ಕೂರಿಸಬಹುದು. ರಿಪೇರಿ ಮಾಡುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರ ಅದು. ಆದ್ದರಿಂದಲೇ ಒಂದು ಕೇರಿಯ ಜನ ಅದನ್ನು ಮತ್ತೆ ಓಡಿಸಲು ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ.

ಇಷ್ಟು ಹಳೆಯದನ್ನು ನಂಬಿ ಹತ್ತಬಹುದೇ ಎಂಬ ಪ್ರಶ್ನೆ ನಿಮ್ಮ ಮುಖಗಳಲ್ಲಿ ಕಾಣುತ್ತಿದೆ. ಕೇಳಬೇಕಾದ ಪ್ರಶ್ನೆಯೇ. 2025ರ ಸೆಪ್ಟೆಂಬರ್ 3ರಂದು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ, 1885ರಿಂದ ಓಡುತ್ತಿದ್ದ ಗ್ಲೋರಿಯಾ ಎಂಬ ಇಂಥದೇ ರೈಲಿನಲ್ಲಿ ಎರಡು ಬೋಗಿಗಳನ್ನು ಬೆಸೆದಿದ್ದ ಹಗ್ಗ ಕಳಚಿಕೊಂಡಿತು. ಮೇಲಿನ ಬೋಗಿ ಇಳಿಜಾರಿನಲ್ಲಿ ನುಗ್ಗಿ ಕಟ್ಟಡಕ್ಕೆ ಅಪ್ಪಳಿಸಿತು. 16 ಮಂದಿ ಸತ್ತರು. ಆ ರೈಲಿನಲ್ಲೂ ದಿನನಿತ್ಯದ ಕೆಲಸಕ್ಕೆ ಓಡಾಡುವವರಿದ್ದರು. ಬ್ರೇಕು ಇತ್ತು, ಆದರೆ ಹಗ್ಗದ ಸಮತೂಕ ತಪ್ಪಿದ ಮೇಲೆ ಬೋಗಿಯನ್ನು ಹಿಡಿದು ನಿಲ್ಲಿಸಲು ಬ್ರೇಕಿಗೆ ಆಗಲಿಲ್ಲ. ಪಿಟ್ಸ್‌ಬರ್ಗಿನಲ್ಲಿ ಎಳೆಯುವ ಹಗ್ಗದ ಜೊತೆಗೆ ಪ್ರತಿ ಬೋಗಿಗೂ ಇನ್ನೊಂದು ರಕ್ಷಣಾ ಹಗ್ಗ ಇರುತ್ತದೆ. ಒಂದು ಸೋತರೆ ಇನ್ನೊಂದು ಹಿಡಿಯಬೇಕು. ಆದರೆ ಎರಡು ಹಗ್ಗ ಇದೆ ಎಂಬುದಷ್ಟೇ ನೆಮ್ಮದಿ ಕೊಡುವುದಿಲ್ಲ. ಹಗ್ಗದ ತುದಿಯನ್ನು ಬೋಗಿಗೆ ಕಟ್ಟಿದ ಜಾಗ, ಕಣ್ಣಿಗೆ ಕಾಣದ ಆ ಒಂದು ಗೇಣು, ಅದನ್ನು ಬಿಚ್ಚಿ ನೋಡುವವರು ಇರಬೇಕು. ಅದಕ್ಕಾಗಿ ಬೋಗಿ ಆಗಾಗ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಾಗಿಲಿಗೆ ಚೀಟಿ ಅಂಟಿಸಿ, ಬದಲಿಗೆ ಬಸ್ಸು ಬಿಡುತ್ತಾರೆ. ನಾವು ಅಕ್ಕಪಕ್ಕದವರೆಲ್ಲ ಗೊಣಗುತ್ತಿದ್ದದ್ದು ನಿಜ. ಆದರೂ ಆ ಚೀಟಿ ಅಂಟಿಸುವ ಧೈರ್ಯ ಇರುವ ಕಡೆಯೇ ನಾನು ಬೋಗಿ ಹತ್ತುತ್ತೇನೆ.

ಅಮ್ಮನವರಿಗೆ ಮಂಡಿನೋವು, ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಬಹುದೇ ಎಂದು ಮುಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಮೊನೊಂಗಹೀಲಾ ಇನ್‌ಕ್ಲೈನಿನಲ್ಲಿ ಗಾಲಿಕುರ್ಚಿಗೆ ವ್ಯವಸ್ಥೆ ಇದೆ, ಅದನ್ನೇ ಆರಿಸಿಕೊಳ್ಳಿ. ಹೊರಡುವ ದಿನ ರಿಪೇರಿಗೆ ನಿಂತಿದೆಯೋ ಇಲ್ಲವೋ ಎಂದು ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ನಡೆಯುವ ಶಕ್ತಿ ಇರುವವರು ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಿರಿ. ಅಮ್ಮನವರನ್ನು ಮೊನೊಂಗಹೀಲಾದ ಮೇಲಿನ ನಿಲ್ದಾಣದ ಹತ್ತಿರವೇ ಕೂರಿಸಿ, ಸಂಜೆ ಐದೂವರೆಯ ಸುಮಾರಿಗೆ ಕೆಳಗಿನಿಂದ ಬರುವ ಬೋಗಿಯ ಬಾಗಿಲು ತೆರೆಯುವುದನ್ನು ನೋಡಲು ಹೇಳಿ. ದಿನಸಿ ಚೀಲ ಹಿಡಿದವರು, ಆಸ್ಪತ್ರೆಯ ಸಮವಸ್ತ್ರದಲ್ಲೇ ಇರುವವರು, ಶಾಲೆಯ ಬ್ಯಾಗು ಹೊತ್ತ ಹುಡುಗರು ಇಳಿದು, ಆ ಪ್ರಸಿದ್ಧ ನೋಟದ ಕಡೆ ತಿರುಗಿಯೂ ನೋಡದೆ, ಅಡುಗೆಗೆ ಹೊತ್ತಾಯಿತು ಎಂಬಂತೆ ಮನೆಯ ಕಡೆ ಹೊರಟುಬಿಡುತ್ತಾರೆ.